ಉಣ್ಣೆ ಬಣ್ಣಕ್ಕೆ ಲೈಪೋಸೋಮ್: 85 ಡಿಗ್ರಿಯಲ್ಲಿ ಕೆಲಸ ಆಗ್ತದೇನು? ಲೆಸಿಥಿನ್ ಎಷ್ಟು, ಯಾವಾಗ ಹಾಕಬೇಕು?

ಪ್ರಶ್ನೆ: ಹಂಡೆಬಣ್ಣ, ಅಕ್ಕಲಕೋಟ

ಎಲ್ಲಾರಿಗೂ ನಮಸ್ಕಾರ್ರಿ. ಕಂಬಳಿ ಅಂಚಿಗೆ, ಸ್ಟೋಲಿಗೆ ಬೇಕಾಗೋ ಉಣ್ಣೆ ನೂಲಿಗೆ ಬಣ್ಣ ಹಾಕೋ ವಿಚಾರ. ನಮ್ಮ ಕಡೆ ದಖ್ಖನಿ ಕುರಿ ಉಣ್ಣೆ ಬಹಳಷ್ಟು ಕರಿದು, ಅದಕ್ಕ ಏನು ಬಣ್ಣ ಹಾಕಿದ್ರೂ ಕಾಣೂದಿಲ್ಲ. ಹಂಗಾಗಿ ಬಿಕಾನೇರ್ ಕಡೆಯ ಬಿಳಿ ನೂಲು ತರಸ್ತೀವಿ. ಒಂದು ಸಲಕ್ಕ ಅರ್ಧ ಕಿಲೋ ಲಡಿ (ನೂಲಿನ ಸುತ್ತು), 15 ಲೀಟರ್ ನೀರು, ಸ್ಟೀಲ್ ಹಂಡೆ, ಗ್ಯಾಸ್ ಒಲಿ. ಉಣ್ಣೆಗೆ ಹಾಕೋ ಬಣ್ಣ ಎರಡು ಥರ, ಮಿಲ್ಲಿಂಗ್ ಆಸಿಡ್ ಮತ್ತ 1:2 ಮೆಟಲ್ ಕಾಂಪ್ಲೆಕ್ಸ್ (ಒಂದು ಲೋಹದ ಪರಮಾಣುವಿಗೆ ಎರಡು ಬಣ್ಣದ ಅಣು ಕೂಡಿದ್ದು). ಅಮೋನಿಯಂ ಸಲ್ಫೇಟ್, ಅಸಿಟಿಕ್ ಆಸಿಡ್, ಲೆವೆಲಿಂಗ್ ಏಜೆಂಟ್ (ಬಣ್ಣ ಸಮನಾಗಿ ಹತ್ತಸೋ ರಾಸಾಯನಿಕ) ಹಾಕಿ ಒಂದು ತಾಸು ಕುದಿಸೋದು ಈಗಿನ ಪದ್ಧತಿ.

ಕುದಿಯೊಳಗ ಲಡಿ ಗಂಟು ಬಿದ್ದು ನಮದಾ ಆಗ್ತದ (ಎಳಿ ಒಂದಕ್ಕೊಂದು ಸಿಕ್ಕು ಗಟ್ಟಿ ಆಗ್ತದ), ತಿಳಿ ಶೇಡ್ ಹಳದಿ ತಿರುಗ್ತದ, ಒಂದೇ ಲಡಿಯೊಳಗ ದಟ್ಟ-ತಿಳಿ ಪಟ್ಟಿ ಬೀಳ್ತದ. ಸೋಯಾ ಲೆಸಿಥಿನ್‌ನಿಂದ (ಸೋಯಾದಿಂದ ತೆಗೆಯೋ ಕೊಬ್ಬಿನಂಥ ವಸ್ತು) ಲೈಪೋಸೋಮ್ ಅನ್ನೋ ಅತಿಸಣ್ಣ ಗುಳ್ಳಿ ಮಾಡಿ ಹಾಕಿದ್ರ 80–85 ಡಿಗ್ರಿಗೇ ಬಣ್ಣ ಒಳಗ ಇಳೀತದ ಅಂತ ಓದಿದ್ದು. ಯಾವ ಲೆಸಿಥಿನ್, ಎಷ್ಟು, ಬಣ್ಣದ ಮೊದಲೋ ನಂತರೋ, ಈಗಿನ ಲೆವೆಲಿಂಗ್ ಏಜೆಂಟ್ ಜೊತಿಗೆ ನಡೀತದೋ? ಮಾಡಿ ಗೊತ್ತಿದ್ದವರು ಅಳತಿ ಸಮೇತ ಹೇಳ್ರಿ.

ಉತ್ತರ 1: ಎಳೆ-ಹೊಕ್ಕು, ಇಚಲಕರಂಜಿ

ಕೊನೆಯ ಪ್ರಶ್ನೆಗೆ ಮೊದಲ ಉತ್ತರ: ಲೆವೆಲಿಂಗ್ ಏಜೆಂಟ್ ಜೊತೆ ನಡೆಯುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅದು ಡಿಟರ್ಜೆಂಟಿನಂತೆ ಲೈಪೋಸೋಮನ್ನು ಕರಗಿಸಿಬಿಡುತ್ತದೆ.

ಲೈಪೋಸೋಮ್ ಎಂದರೆ ಲೆಸಿಥಿನ್‌ನಲ್ಲಿರುವ ಕೊಬ್ಬಿನಂಥ ವಸ್ತುವಾದ ಫಾಸ್ಫೋಲಿಪಿಡ್‌ನ ಎರಡು ಪದರದ ಗೋಡೆ ಇರುವ, ಒಳಗೆ ನೀರು ತುಂಬಿದ ಅತಿಸಣ್ಣ ಗುಳ್ಳೆ. ಈ ಗುಳ್ಳೆ ಬಣ್ಣವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಹೋಗಿ ಎಳೆಯೊಳಗೆ ಇಳಿಸುತ್ತದೆ ಎಂಬ ಚಿತ್ರ ಎಲ್ಲೆಡೆ ಕಾಣುತ್ತದೆ. ನಿಮ್ಮ ಹಂಡೆಯ ಲೆಕ್ಕಕ್ಕೆ ಅದು ಕೂಡುವುದಿಲ್ಲ. 15 ಲೀಟರಿಗೆ 5 ಗ್ರಾಂ ಲಿಪಿಡ್ (ಇಲ್ಲಿ ಲೆಸಿಥಿನ್ ಪುಡಿ) ಎಂದರೆ ಲೀಟರಿಗೆ 0.33 ಗ್ರಾಂ. ಅಷ್ಟು ಲಿಪಿಡ್‌ನ ಗುಳ್ಳೆಗಳೆಲ್ಲ ಸೇರಿ ಒಳಗೆ ಹಿಡಿಯುವ ನೀರು ಹಂಡೆಯ ನೀರಿನ ಶೇ. 1ಕ್ಕಿಂತ ಎಷ್ಟೋ ಕಡಿಮೆ. ನೀರಲ್ಲಿ ಕರಗುವ ಆಸಿಡ್ ಬಣ್ಣದ ಬಹುಪಾಲು ಹೊರಗೇ ಇರುತ್ತದೆ.

ಕೆಲಸ ನಡೆಯುವುದು ಗೋಡೆಯಲ್ಲಿ. ಮಿಲ್ಲಿಂಗ್ ಮತ್ತು 1:2 ಬಣ್ಣಗಳ ಅಣು ದೊಡ್ಡದು, ಅದರ ಒಂದು ಭಾಗಕ್ಕೆ ನೀರಿಗಿಂತ ಎಣ್ಣೆಯ ಪರಿಸರ ಹಿತ. ಅದು ಗುಳ್ಳೆಯ ಗೋಡೆಗೆ ಅಂಟಿ ಕೂರುತ್ತದೆ. ಹೀಗಾಗಿ 40–60 ಡಿಗ್ರಿಯಲ್ಲಿ ಬಿಡಿಯಾಗಿ ಓಡಾಡುವ ಬಣ್ಣ ಕಡಿಮೆಯಾಗಿ ನೂಲಿಗೆ ಒಮ್ಮೆಲೇ ಹತ್ತುವುದು ತಪ್ಪುತ್ತದೆ. ಬಿಸಿ ಏರಿದಂತೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ನಿಮ್ಮ ಪಟ್ಟಿಯ ತೊಂದರೆಗೆ ಇದು ಮದ್ದು.

ಇನ್ನೊಂದು ಕೆಲಸ ಎಳೆಯೊಳಗೆ. ಉಣ್ಣೆಯ ಹೊರಪೊರೆಯ ಮೇಲೆ ಕೊಬ್ಬಿನ ಆಮ್ಲದ ಪದರ ರಾಸಾಯನಿಕವಾಗಿಯೇ ಕಚ್ಚಿಕೊಂಡಿದೆ, ಅದಕ್ಕೇ ಉಣ್ಣೆ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಬಣ್ಣ ಒಳಹೋಗುವುದು ಹೊರಪೊರೆಯ ಹುರುಪೆಗಳ ಸಂದಿಯಿಂದ, ಮುಂದೆ ಕೋಶ ಕೋಶಗಳ ನಡುವಿನ ಸಿಮೆಂಟಿನಂಥ ಪದರದ ಮೂಲಕ. ಆ ಪದರದಲ್ಲಿ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳಿವೆ, ಒಟ್ಟು ಉಣ್ಣೆಯ ತೂಕದ ಶೇ. 1ರಿಂದ 1.5. ಹೊರಗಿನಿಂದ ಬಂದ ಫಾಸ್ಫೋಲಿಪಿಡ್ ಅಲ್ಲಿ ಬೆರೆತು ದಾರಿಯನ್ನು ಸಡಿಲಿಸುತ್ತದೆ. ಸಾಮಾನ್ಯವಾಗಿ ಆ ಸಡಿಲಿಕೆ ಕುದಿಯಿಂದ ಸಿಗುತ್ತದೆ. ಇಲ್ಲಿ ಸ್ವಲ್ಪ ಪಾಲು ಲಿಪಿಡ್‌ನಿಂದ ಸಿಗುತ್ತದೆ. ಬಾರ್ಸಿಲೋನಾದ ಸಂಶೋಧಕರು ಈ ವಿಷಯದಲ್ಲಿ ಬಹಳ ಕೆಲಸ ಮಾಡಿದ್ದಾರೆ. ಉಣ್ಣೆ-ಪಾಲಿಯೆಸ್ಟರ್ ಮಿಶ್ರಣಕ್ಕೆ ಡಿಸ್ಪರ್ಸ್ (ಪಾಲಿಯೆಸ್ಟರಿಗೆ ಹಾಕುವ) ಬಣ್ಣದ ಜೊತೆಗೂ ಅವರು ಇದನ್ನು ನೋಡಿದ್ದಾರೆ.

ಸಲ್ಫ್ಯೂರಿಕ್ ಅಥವಾ ಫಾರ್ಮಿಕ್ ಆಸಿಡ್‌ನಲ್ಲಿ ಪಿಎಚ್ 3ರ ಆಸುಪಾಸು ಹಾಕುವ ಸಣ್ಣ ಅಣುವಿನ ಲೆವೆಲಿಂಗ್ ಆಸಿಡ್ ಬಣ್ಣಕ್ಕೆ ಇದರಿಂದ ಹೇಳಿಕೊಳ್ಳುವ ಲಾಭ ಇಲ್ಲ. ಅವು ತಾವಾಗಿಯೇ ಸಮನಾಗುತ್ತವೆ. ಎಳೆಗೆ ರಾಸಾಯನಿಕವಾಗಿ ಕಚ್ಚಿಕೊಳ್ಳುವ ರಿಯಾಕ್ಟಿವ್ ಬಣ್ಣವನ್ನೂ ಬಿಡಿ. ಸಾದಾ ಲೆಸಿಥಿನ್‌ನಲ್ಲಿ ಅಮೈನೋ ಗುಂಪಿರುವ ಫಾಸ್ಫೋಲಿಪಿಡ್ ಇದೆ. ಕೊನೆಗೆ ಅಮೋನಿಯಾ ಹಾಕಿ ಪಿಎಚ್ ಏರಿಸಿದಾಗ ಬಣ್ಣ ಅದಕ್ಕೂ ಕಚ್ಚಿಕೊಳ್ಳಬಹುದು.

ಈಗ ತಯಾರಿ. ಕೋಳಿ ಆಹಾರಕ್ಕೆ ಮಾರುವ ಜೇನಿನ ಬಣ್ಣದ ದ್ರವ ಲೆಸಿಥಿನ್ ಬೇಡ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಎಣ್ಣೆಯೇ ಇರುತ್ತದೆ, ಅದು ಮೇಲೆ ತೇಲಿ ಲಡಿಗೆ ಜಿಡ್ಡಿನ ಕಲೆ ಹಾಕುತ್ತದೆ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಎಣ್ಣೆ ತೆಗೆದ ಪುಡಿ ತಗೊಳ್ಳಿ. ಮೊಟ್ಟೆಯ ಹಳದಿಯಲ್ಲೂ ಲೆಸಿಥಿನ್ ಇದೆ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ಅದರ ಪ್ರೋಟೀನ್ ಬಿಸಿಗೆ ಗಟ್ಟಿಯಾಗಿ ನೂಲಿಗೆ ಹತ್ತುತ್ತದೆ.

ಪುಡಿ 50 ಗ್ರಾಂ, 40–45 ಡಿಗ್ರಿಯ ಮೆದು ನೀರು 950 ಮಿಲಿ. ಪುಡಿಯನ್ನು ನೀರಿನ ಮೇಲೆ ಉದುರಿಸಿ, ಕಲಕದೆ ಎರಡು ತಾಸು ನೆನೆಯಲು ಬಿಡಿ. ಈ ನೆನೆಯುವಿಕೆಯನ್ನು ಅವಸರ ಮಾಡಿದರೆ ಒಳಗೆ ಒಣಪುಡಿ ಉಳಿದ ಗಂಟುಗಳಾಗುತ್ತವೆ, ಅವು ಆಮೇಲೆ ಒಡೆಯುವುದೇ ಇಲ್ಲ. ಸೋಯಾ ಲಿಪಿಡ್ ಸೊನ್ನೆ ಡಿಗ್ರಿಗಿಂತ ಕೆಳಗೂ ಮೃದುವಾಗಿಯೇ ಇರುವುದರಿಂದ ಹೆಚ್ಚು ಬಿಸಿ ಬೇಕಿಲ್ಲ, ಬೆಚ್ಚಗಿನ ನೀರು ಬೇಗ ನೆನೆಸುತ್ತದೆ ಅಷ್ಟೆ. ನಂತರ ಮಿಕ್ಸಿಯಲ್ಲಿ ಅರ್ಧ ನಿಮಿಷ ತಿರುಗಿಸಿ ಒಂದು ನಿಮಿಷ ನಿಲ್ಲಿಸಿ, ಹೀಗೆ ಆರು ಸಲ. ನೊರೆ ಇಳಿದ ಮೇಲೆ ದಟ್ಟ ಹತ್ತಿ ಬಟ್ಟೆಯಲ್ಲಿ ಸೋಸಿ. ಸಿಗುವುದು ಹಾಲಿನಂಥ ಬಿಳಿ ದ್ರಾವಣ, ಅಂದರೆ ಹಲವು ಪದರದ ದಪ್ಪ ಗುಳ್ಳೆಗಳು, ಗಾತ್ರ ಒಂದೇ ಸಮ ಇರುವುದಿಲ್ಲ. ಹೋಮೋಜೆನೈಸರ್ ಅಥವಾ ಪ್ರೋಬ್ ಸೋನಿಕೇಟರ್ ಸಿಕ್ಕರೆ ಗುಳ್ಳೆ ಸಣ್ಣದಾಗಿ ದ್ರಾವಣ ನೀಲಿ ಛಾಯೆಯ ಅರೆಪಾರದರ್ಶಕ ಆಗುತ್ತದೆ, ನೂಲಿನ ಒಳಪದರದವರೆಗೂ ಚೆನ್ನಾಗಿ ತಲುಪುತ್ತದೆ. ಅಕ್ಕಸಾಲಿಗರ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಬಾಟಲಿ ಇಟ್ಟರೂ ಸ್ವಲ್ಪ ಪ್ರಯೋಜನ ಇದೆ, ಪೂರ್ತಿ ಅಲ್ಲ.

ಫ್ರಿಜ್ಜಿನಲ್ಲಿ ಇಡಿ, ಫ್ರೀಜರಿನಲ್ಲಿ ಬೇಡ. ಹೆಪ್ಪುಗಟ್ಟಿದರೆ ಗುಳ್ಳೆ ಒಡೆಯುತ್ತದೆ. ಬೆಳಕು, ಗಾಳಿ ತಾಗಿದರೆ ಕಮಟು ವಾಸನೆ ಬರುತ್ತದೆ. ಹಾಗಾದದ್ದನ್ನು ತಿಳಿ ಶೇಡಿಗೆ ಹಾಕಬೇಡಿ, ಅದರಿಂದಲೂ ಹಳದಿ ಬರುತ್ತದೆ. ಒಂದು ವಾರಕ್ಕೆ ಬೇಕಾದಷ್ಟೇ ಮಾಡಿಕೊಳ್ಳುವುದು ಒಳ್ಳೆಯದು.

ಬಣ್ಣದ ಕ್ರಮ, 500 ಗ್ರಾಂ ನೂಲು, 15 ಲೀಟರ್, ಶೇ. 1ರ ಶೇಡಿಗೆ (ನೂಲಿನ ತೂಕದ ಶೇ. 1 ಬಣ್ಣ):

ಲಡಿಯನ್ನು 40 ಡಿಗ್ರಿ ನೀರಲ್ಲಿ ಅರ್ಧ ತಾಸು ನೆನೆಸಿ, ವೆಟಿಂಗ್ ಏಜೆಂಟ್ ಹಾಕದೆ. ಹಂಡೆಯಲ್ಲಿ 40 ಡಿಗ್ರಿಯ ನೀರು, ಅಮೋನಿಯಂ ಸಲ್ಫೇಟ್ 10 ಗ್ರಾಂ, ಅಸಿಟಿಕ್ ಆಸಿಡ್‌ನಿಂದ ಪಿಎಚ್ 5.5–6. ಗ್ಲಾಬರ್ ಉಪ್ಪು (ಸೋಡಿಯಂ ಸಲ್ಫೇಟ್) ಬೇಡ, ಉಪ್ಪು ಗುಳ್ಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಈಗ ಲೆಸಿಥಿನ್ ದ್ರಾವಣ 100 ಮಿಲಿ, ಅಂದರೆ ಪುಡಿ 5 ಗ್ರಾಂ, ನೂಲಿನ ತೂಕದ ಶೇ. 1. ಲಡಿ ಇಳಿಸಿ 15 ನಿಮಿಷ ಆಡಿಸಿ. ಬಣ್ಣ 5 ಗ್ರಾಂ ಬೇರೆ ಪಾತ್ರೆಯಲ್ಲಿ ಬಿಸಿನೀರಲ್ಲಿ ಕರಗಿಸಿ, 50 ಡಿಗ್ರಿಗಿಂತ ಕೆಳಗೆ ಆರಿಸಿ, ಸೋಸಿ, ಲಡಿಯನ್ನು ಮೇಲೆತ್ತಿಕೊಂಡು ಮೂರು ಕಂತಿನಲ್ಲಿ ಹಾಕಿ. 10 ನಿಮಿಷ ಅದೇ ಬಿಸಿಯಲ್ಲಿ. ಆಮೇಲೆ ನಿಮಿಷಕ್ಕೆ 1 ಡಿಗ್ರಿಯಂತೆ 85ಕ್ಕೆ ಏರಿಸಿ, ಸುಮಾರು 45 ನಿಮಿಷ ಆಗುತ್ತದೆ. 85ರಲ್ಲಿ ಒಂದು ತಾಸು. ನೀರಲ್ಲಿ ಇನ್ನೂ ಬಣ್ಣ ಉಳಿದಿದ್ದರೆ ಅಸಿಟಿಕ್ ಆಸಿಡ್ 3–5 ಮಿಲಿಯನ್ನು ಅರ್ಧ ಲೀಟರ್ ನೀರಲ್ಲಿ ತೆಳ್ಳಗೆ ಮಾಡಿ ಹಾಕಿ, ಇನ್ನೂ 15 ನಿಮಿಷ. ಹಂಡೆಯಲ್ಲೇ 55ರವರೆಗೆ ಆರಲು ಬಿಟ್ಟು ತೊಳೆಯಿರಿ. ಬಿಸಿ ಲಡಿಯನ್ನು ತಣ್ಣೀರಿಗೆ ಹಾಕಿದರೆ ನಮದಾ ಆಗುವುದನ್ನು ಯಾವ ಲೈಪೋಸೋಮೂ ತಡೆಯುವುದಿಲ್ಲ.

ಶೇ. 2ಕ್ಕಿಂತ ಹೆಚ್ಚು ಲಿಪಿಡ್ ಹಾಕಬೇಡಿ. ಬಣ್ಣ ಗುಳ್ಳೆಯ ಗೋಡೆಯಲ್ಲೇ ಉಳಿದು ಚರಂಡಿಗೆ ಹೋಗುತ್ತದೆ.

ಉತ್ತರ 2: ರಂಗಾರಿ, ಸೊಲ್ಲಾಪುರ

ಮ್ಯಾಲಿನ ಕ್ರಮ ಸರಿ ಅದ. ಆದ್ರ ಡಿಟರ್ಜೆಂಟ್ ವಿಚಾರ ಇನ್ನಷ್ಟು ಒತ್ತಿ ಹೇಳಬೇಕಿತ್ತು, ಹತ್ತರಾಗ ಎಂಟು ಹಂಡೆ ಕೆಡೋದು ಅಲ್ಲೇ.

ನಾನ್-ಅಯಾನಿಕ್ (ವಿದ್ಯುದಂಶ ಇಲ್ಲದ) ಡಿಟರ್ಜೆಂಟ್ ಫಾಸ್ಫೋಲಿಪಿಡ್ ಗೋಡಿಯೊಳಗ ಹೊಕ್ಕು ಅದನ್ನ ಕರಗಿಸಿಬಿಡ್ತದ. ಗುಳ್ಳಿ ಹೋಗಿ ಲಿಪಿಡ್-ಡಿಟರ್ಜೆಂಟ್ ಕೂಡಿದ ಸಣ್ಣ ಸಣ್ಣ ಉಂಡಿ ಆಗ್ತಾವ. ಲೆವೆಲಿಂಗ್ ಏಜೆಂಟ್ ಅಂತ ಮಾರೋದ್ರಾಗ ಬಹಳಷ್ಟು ಇಥಾಕ್ಸಿಲೇಟೆಡ್ ಅಮೈನ್, ಅದೂ ಇದೇ ಕೆಲಸ ಮಾಡ್ತದ. ಹಿಂಗಾಗಿ ಎರಡೂ ಹಾಕಿದ್ರ ಲೆಸಿಥಿನ್ ರೊಕ್ಕ ನೀರಿಗೆ. ಇದಕ್ಕಿಂತ ಕಳ್ಳ ದಾರಿ ಅಂದ್ರ ತೊಳಿಯೋವಾಗ ನೂಲಿನೊಳಗ ಉಳಿದ ಸಾಬೂನು.

ನೂಲು ತೊಳಿಯೋದು ಹಿಂಗ: ಲೀಟರಿಗೆ ನಾನ್-ಅಯಾನಿಕ್ 1 ಗ್ರಾಂ, ಸೋಡಾ ಆಶ್ 1 ಗ್ರಾಂ, 45–50 ಡಿಗ್ರಿ, 20 ನಿಮಿಷ, ತಿಕ್ಕದೆ. ಆಮ್ಯಾಲ 40 ಡಿಗ್ರಿ ನೀರಾಗ ಎರಡು ಸಲ, ಸಾದಾ ನೀರಾಗ ಒಂದು ಸಲ. ಕಡೀ ನೀರನ್ನ ಬಾಟಲಿಗೆ ಅರ್ಧ ತುಂಬಿ ಜೋರಾಗಿ ಅಲುಗಾಡಸ್ರಿ. ನೊರಿ ಅರ್ಧ ನಿಮಿಷ ನಿಂತ್ರ ಇನ್ನೊಮ್ಮೆ ತೊಳೀರಿ. ಸೋಡಾ ಉಳಿದ್ರ ಪಿಎಚ್ ಮ್ಯಾಲ ಇರ್ತದ, ಆಸಿಡ್ ಎಷ್ಟು ಹಾಕಿದ್ರೂ ಅಳತಿಗೆ ಬರೂದಿಲ್ಲ, ಮತ್ತ ಉಣ್ಣೆ ಹಳದಿ ಆಗೋದಕ್ಕ ಕ್ಷಾರವೂ ಒಂದು ಮೂಲ.

ಇನ್ನೊಂದು. ಕಂಬಳಿಯ ಹಾಸು ನೂಲಿಗೆ (ಮಗ್ಗದ ಉದ್ದನೆ ಎಳಿಗೆ) ಹುಣಸಿ ಬೀಜದ ಗಂಜಿ ಹಚ್ಚೋ ಮೊದಲೇ ಬಣ್ಣ ಆಗಿರ್ಬೇಕು. ಗಂಜಿ ಹಚ್ಚಿದ ನೂಲು ಬಂದ್ರ ಬಣ್ಣ ಗಂಜಿ ಮ್ಯಾಲ ಕೂತು ಪಟ್ಟಿ ಬೀಳ್ತದ, ಅದಕ್ಕ ಲೈಪೋಸೋಮ್ ಏನೂ ಮಾಡಲಾರದು. ಹಂಗೇ ಒರಟು ಉಣ್ಣೆಯೊಳಗ ನಡುವ ಟೊಳ್ಳು ಇರೋ ಗಡಸು ಕೂದಲು ಇರ್ತಾವ. ಬಣ್ಣ ಹತ್ತಿದ್ರೂ ಟೊಳ್ಳು ಬೆಳಕು ಚದುರಿಸಿ ಅವು ತಿಳಿ ಕಾಣ್ತಾವ. ಅದು ಬಣ್ಣದ ದೋಷ ಅಲ್ಲ, ಗಿರಾಕಿಗೆ ಮೊದಲೇ ಹೇಳಿಬಿಡ್ರಿ.

ಹಂಡೆಬಣ್ಣ, ಅಕ್ಕಲಕೋಟ

ಇಬ್ಬರಿಗೂ ಧನ್ಯವಾದ್ರಿ. ಬೋರಿನ ನೀರಿನ ಗಡಸುತನ ಕಿಟ್‌ನಾಗ 480 ಪಿಪಿಎಂ ತೋರಸ್ತದ. ಈ ನೀರಾಗ ಲೆಸಿಥಿನ್ ದ್ರಾವಣ ಹಾಕಿದ್ರ ಬಿಸಿ 60 ದಾಟೋದ್ರಾಗ ಹಾಲು ಒಡೆದಂಗ ಕಣ ಕಣ ಆಗಿ ಲಡಿಗೆ ಹತ್ತಾಕತ್ತದ. ಪಿಎಚ್ 5.5 ಅದ, ಉಪ್ಪು ಹಾಕಿಲ್ಲ. ಗಡಸುತನ ಕಟ್ಟಿಹಾಕೋ ಇಡಿಟಿಎ ಹಾಕಿದ್ರ ನಡೀತದೇನು?

ಉತ್ತರ 3: ಎಳೆ-ಹೊಕ್ಕು, ಇಚಲಕರಂಜಿ

ಅದು ಕ್ಯಾಲ್ಸಿಯಂ. ಎಣ್ಣೆ ತೆಗೆದ ಲೆಸಿಥಿನ್ ಪುಡಿ ಒಂದೇ ವಸ್ತು ಅಲ್ಲ. ಗುಳ್ಳೆ ಕಟ್ಟುವ ಒಂದು ಬಗೆಯ ಫಾಸ್ಫೋಲಿಪಿಡ್ ಆದ ಫಾಸ್ಫಟಿಡಿಲ್ ಕೋಲೀನ್ ಅದರಲ್ಲಿ ಹೆಚ್ಚೆಂದರೆ ನಾಲ್ಕನೇ ಒಂದು ಪಾಲು. ಉಳಿದವುಗಳಲ್ಲಿ ಋಣ ವಿದ್ಯುದಂಶದ ಫಾಸ್ಫೋಲಿಪಿಡ್‌ಗಳಿವೆ. ಅವನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ ಜೋಡಿಸಿ ಗಂಟು ಕಟ್ಟುತ್ತವೆ.

ಇಡಿಟಿಎ ಲೆಕ್ಕ ಹಾಕಿ ನೋಡಿ. 480 ಪಿಪಿಎಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಎಂದರೆ ಲೀಟರಿಗೆ 4.8 ಮಿಲಿಮೋಲ್. ಡೈಸೋಡಿಯಂ ಇಡಿಟಿಎ ಲೀಟರಿಗೆ 1.8 ಗ್ರಾಂ, 15 ಲೀಟರಿಗೆ 27 ಗ್ರಾಂ ಬೇಕು. 5 ಗ್ರಾಂ ಲೆಸಿಥಿನ್ ಕಾಪಾಡಲು 27 ಗ್ರಾಂ ಇಡಿಟಿಎ! ಜೊತೆಗೆ ಮೆಟಲ್ ಕಾಂಪ್ಲೆಕ್ಸ್ ಬಣ್ಣದ ಪಕ್ಕದಲ್ಲಿ ಇಷ್ಟೊಂದು ಲೋಹ ಹಿಡಿಯುವ ವಸ್ತು ಇಡುವುದು ಜಾಣತನ ಅಲ್ಲ, ಶೇಡ್ ಸರಿಯುವ ಅಪಾಯ ಇದೆ.

ಊರಿನ ಫಿಲ್ಟರ್ ನೀರಿನ 20 ಲೀಟರ್ ಕ್ಯಾನ್ ಸಾಕು. 13.5 ಲೀಟರ್ ಕ್ಯಾನಿನ ನೀರಿಗೆ 1.5 ಲೀಟರ್ ಬೋರಿನ ನೀರು ಬೆರೆಸಿದರೂ ಗಡಸುತನ 50ರ ಆಸುಪಾಸಿಗೆ ಇಳಿಯುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು. ತೊಳೆಯಲು ಬೋರಿನ ನೀರು ನಡೆಯುತ್ತದೆ, ಆದರೆ ಬಣ್ಣಕ್ಕೆ ಮೊದಲಿನ ನೆನೆಸುವ ನೀರು ಮೆದುವೇ ಇರಲಿ. ಟಿಡಿಎಸ್ (ಕರಗಿದ ಒಟ್ಟು ಲವಣ) ಮೀಟರ್ ನೋಡಿ ಗಡಸುತನ ತೀರ್ಮಾನಿಸಬೇಡಿ, ಅದು ಸೋಡಿಯಂ ಉಪ್ಪನ್ನೂ ಸೇರಿಸಿ ಎಣಿಸುತ್ತದೆ.

ಹಂಡೆಗೆ ಹಾಕುವ ಮೊದಲು ಗ್ಲಾಸಿನಲ್ಲಿ ಪರೀಕ್ಷಿಸಿ: ನೀರು 150 ಮಿಲಿ, ಅಮೋನಿಯಂ ಸಲ್ಫೇಟ್ 0.1 ಗ್ರಾಂ, ಆಸಿಡ್ ಹನಿ, ಲೆಸಿಥಿನ್ ದ್ರಾವಣ 1 ಮಿಲಿ. ಬಿಸಿನೀರಿನ ಪಾತ್ರೆಯಲ್ಲಿ 85ಕ್ಕೆ ತಂದು ಅರ್ಧ ತಾಸು ಇಡಿ. ಕಪ್ಪು ಹಿನ್ನೆಲೆಯಲ್ಲಿ ಹಿಡಿದಾಗ ಕಣ ಕಾಣದೆ ಮಸುಕು ಮಾತ್ರ ಇದ್ದರೆ ಸರಿ.

ಉತ್ತರ 4: ಕುರುಬರಹಟ್ಟಿ, ರಾಯದುರ್ಗ

ನನ್ನದು ಸ್ವಲ್ಪ ಅಡ್ಡ ಮಾತು, ಬೇಜಾರು ಮಾಡ್ಕೋಬೇಡಿ. ಲಡಿ ನಮದಾ ಆಗೋದು, ಹಳದಿ ಆಗೋದು, ಎರಡೂ 85ಕ್ಕೆ ಇಳಿಸಿದ ಮಾತ್ರಕ್ಕೇ ಕಡಿಮೆ ಆಗುತ್ತೆ. ಅದರ ಪುಣ್ಯ ಲೆಸಿಥಿನ್‌ಗೆ ಕೊಡೋ ಮೊದಲು ಹೋಲಿಸಿ ನೋಡಿ. ಒಂದೇ ಲಡಿಯಿಂದ 20 ಗ್ರಾಮಿನ ಮೂರು ತುಂಡು, ತಲಾ 600 ಮಿಲಿ ನೀರು: ಮೊದಲನೆಯದು ನಿಮ್ಮ ಈಗಿನ ಕುದಿ, ಎರಡನೆಯದು 85 ಡಿಗ್ರಿ ಏನೂ ಹಾಕದೆ, ಮೂರನೆಯದು 85 ಡಿಗ್ರಿ ಜೊತೆಗೆ ಲೆಸಿಥಿನ್ 4 ಮಿಲಿ. ಎರಡಕ್ಕೂ ಮೂರಕ್ಕೂ ವ್ಯತ್ಯಾಸ ಇಲ್ಲ ಅಂದ್ರೆ ಆ ಬಣ್ಣಕ್ಕೆ ಲೈಪೋಸೋಮ್ ಬೇಡ. ಬಣ್ಣದಿಂದ ಬಣ್ಣಕ್ಕೆ ಇದು ಬೇರೆ ಬರುತ್ತೆ, ಒಂದು ಕೆಂಪಿಗೆ ಆಯ್ತು ಅಂತ ನೀಲಿಗೆ ಆಗುತ್ತೆ ಅಂತಲ್ಲ.

ಉಳಿದ ಬಣ್ಣ ಅಳೆಯೋದರಲ್ಲಿ ಒಂದು ಮೋಸ ಇದೆ. ಲೆಸಿಥಿನ್ ಇರೋ ನೀರು ಮಸುಕು, ಕಣ್ಣಿಗೂ ಯಂತ್ರಕ್ಕೂ ಹೆಚ್ಚು ಬಣ್ಣ ಉಳಿದಂತೆ ತೋರುತ್ತೆ. 10 ಮಿಲಿ ತೆಗೆದು ನಾನ್-ಅಯಾನಿಕ್ ಡಿಟರ್ಜೆಂಟ್ ಎರಡು ಹನಿ ಹಾಕಿ ಬೆಚ್ಚಗೆ ಮಾಡಿ, ಗುಳ್ಳೆ ಕರಗಿ ನೀರು ತಿಳಿಯಾಗುತ್ತೆ. ಹಂಡೆಯಲ್ಲಿ ಶತ್ರು ಆಗಿದ್ದೇ ಇಲ್ಲಿ ಕೆಲಸಕ್ಕೆ ಬರುತ್ತೆ. ಹೋಲಿಕೆಗೆ ಶುರುವಿನ ಬಣ್ಣದ ನೀರನ್ನ ಹತ್ತರಲ್ಲಿ ಒಂದು, ಇಪ್ಪತ್ತರಲ್ಲಿ ಒಂದು, ಐವತ್ತರಲ್ಲಿ ಒಂದು ತೆಳು ಮಾಡಿ, ಅವಕ್ಕೂ ಅದೇ ಎರಡು ಹನಿ ಹಾಕಿ ಸಾಲಾಗಿ ಇಡಿ.

ನೀರಲ್ಲಿ ಬಣ್ಣ ಮುಗಿದರೆ ಸಾಲದು, ಎಳೆಯ ನಡುವಿಗೆ ಇಳಿದಿರಬೇಕು. 85ರಲ್ಲಿ ಅವಸರ ಮಾಡಿದರೆ ಬಣ್ಣ ಅಂಚಿನಲ್ಲೇ ಉಂಗುರದ ಹಾಗೆ ನಿಲ್ಲುತ್ತೆ, ನೋಡಲು ದಟ್ಟ, ಒಗೆದಾಗ ಬಿಡುತ್ತೆ. ಕಾರ್ಕ್ ಬಿರಡೆಗೆ ಸೂಜಿಯಿಂದ ನೂಲು ಎಳೆದು, ಹೊಸ ಬ್ಲೇಡಿನಿಂದ ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಲ್ಲಿ 400 ಪಟ್ಟು ನೋಡಿದರೆ ಉಂಗುರ ಇದ್ದರೆ ಕಾಣುತ್ತೆ. ಆಗ ಹಿಡಿತದ ಸಮಯ ಅರ್ಧ ತಾಸು ಹೆಚ್ಚಿಸಿ, ಲಿಪಿಡ್ ಹೆಚ್ಚಿಸಬೇಡಿ. ಒಗೆತ, ತಿಕ್ಕುವಿಕೆ ಎರಡನ್ನೂ ಬಿಳಿ ಬಟ್ಟೆ ಕಟ್ಟಿ ಪರೀಕ್ಷಿಸಿ. ಹೊರಗೆ ಕಳಿಸೋ ಮಾಲಾದರೆ ಬಣ್ಣ ನಿಲ್ಲೋ ಅಂತರರಾಷ್ಟ್ರೀಯ ಪರೀಕ್ಷೆ ಐಎಸ್ಒ 105ರ ಸಿ06 (ಒಗೆತ) ಮತ್ತು ಎಕ್ಸ್12 (ತಿಕ್ಕುವಿಕೆ) ಕೇಳ್ತಾರೆ.

ಗ್ಯಾಸ್ ಉಳಿತಾಯದ ಮಾತು: 30ರಿಂದ 98ಕ್ಕೆ ಏರಿಸೋ ಬದಲು 85ಕ್ಕೆ ನಿಲ್ಲಿಸಿದರೆ ಏರಿಸೋ ಶಾಖದಲ್ಲಿ ಶೇ. 19 ಉಳಿಯುತ್ತೆ. ಕುದಿಯಲ್ಲಿ ಆವಿಯಾಗಿ ಹೋಗೋದು ಬೇರೆ. ಮುಚ್ಚಳ ಹಾಕದ ಹಂಡೆಗೆ ಮುಚ್ಚಳ ಹಾಕಿದರೂ ಒಳ್ಳೇ ಉಳಿತಾಯವೇ.

ಪ್ರಶ್ನೆ: ದಾಳಿಂಬರಿ, ಸಂಗೋಲೆ

ನಡುವೆ ಬಂದೆ, ಕ್ಷಮಿಸ್ರಿ. ನಮ್ಮ ಕಡೆ ದಾಳಿಂಬೆ ಸಿಪ್ಪೆ ರಾಶಿ ಬೀಳ್ತದ. ಸಿಪ್ಪೆ ಬಣ್ಣಕ್ಕ, ಪಟಿಕದ ಜೊತಿಗೆ ಈ ಲೈಪೋಸೋಮ್ ಹೊಂದ್ತದೇನ್ರಿ?

ಉತ್ತರ 5: ರಂಗಾರಿ, ಸೊಲ್ಲಾಪುರ

ಒಂದೇ ಹಂಡ್ಯಾಗ ಹೊಂದೂದಿಲ್ಲ ಅಕ್ಕಾರ. ಪಟಿಕದ ಅಲ್ಯೂಮಿನಿಯಂ ಕ್ಯಾಲ್ಸಿಯಂಗಿಂತ ಜೋರಾಗಿ ಫಾಸ್ಫೇಟ್ ಹಿಡೀತದ, ತಕ್ಷಣ ಗಂಟು ಆಗ್ತದ. ಸಿಪ್ಪಿಯ ಟ್ಯಾನಿನ್ನೂ ಗುಳ್ಳಿಗೆ ಅಂಟಿ ಕೂಡಸ್ತದ. ಸಿಪ್ಪಿ ಬಣ್ಣ ಉಣ್ಣೆಗೆ ತಾನಾಗಿಯೇ ಚಲೋ ಹತ್ತೋದು: ನೂಲಿನ ತೂಕದ ಶೇ. 12–15 ಪಟಿಕ, 80 ಡಿಗ್ರಿಯೊಳಗ ಒಂದು ತಾಸು, ಹಂಡ್ಯಾಗೇ ಆರಿಸಿ, ತೊಳೆದು, ಬೇರೆ ನೀರಾಗ ಸಿಪ್ಪಿ ಕಷಾಯ. ಲೆಸಿಥಿನ್ ಖರ್ಚು ಬ್ಯಾಡ.

ಹಂಡೆಬಣ್ಣ, ಅಕ್ಕಲಕೋಟ

ಗ್ಲಾಸ್ ಪರೀಕ್ಷೆ ಕ್ಯಾನಿನ ನೀರಾಗ ಸರಿ ಬಂತ್ರಿ, ಕಣ ಇಲ್ಲ. ಒಂದು ಕಡೀ ಪ್ರಶ್ನೆ: ಬಣ್ಣ ಮುಗಿದ ನೀರಾಗ ಲಿಪಿಡ್ ಉಳಿದಿರ್ತದಲ್ಲ, ಅದನ್ನ ಎರಡನೇ ಲಡಿಗೆ ಬಳಸಬಹುದೇನು?

ಉತ್ತರ 6: ಎಳೆ-ಹೊಕ್ಕು, ಇಚಲಕರಂಜಿ

ಅದೇ ದಿನ, ಅದೇ ಬಣ್ಣ, ಅದೇ ಅಥವಾ ಹೆಚ್ಚು ದಟ್ಟ ಶೇಡ್ ಆದರೆ ಒಂದು ಸಲ ಬಳಸಬಹುದು. ಮೊದಲು 40 ಡಿಗ್ರಿಗೆ ಆರಿಸಿ, ಪಿಎಚ್ ಮತ್ತೆ 5.5–6ಕ್ಕೆ ತಂದು, ಲೆಸಿಥಿನ್ ದ್ರಾವಣ 50 ಮಿಲಿ ಸೇರಿಸಿ. ಆಸಿಡ್ ಮತ್ತು ಬಿಸಿಯಲ್ಲಿ ಲಿಪಿಡ್‌ನ ಒಂದು ಪಾಲು ಕಡಿದು ಲೈಸೋ ರೂಪಕ್ಕೆ (ಒಂದು ಕೊಬ್ಬಿನ ಬಾಲ ಕಳೆದುಕೊಂಡ ಫಾಸ್ಫೋಲಿಪಿಡ್) ತಿರುಗಿರುತ್ತದೆ. ಅದು ಡಿಟರ್ಜೆಂಟಿನಂತೆ ವರ್ತಿಸುವುದರಿಂದ ಮೂರನೇ ಸಲ ಗುಳ್ಳೆ ನಿಲ್ಲುವುದಿಲ್ಲ. ತಿಳಿ ಶೇಡಿಗೆ ಮರುಬಳಕೆ ಬೇಡ. ರಾತ್ರಿ ಇಟ್ಟು ಬೆಳಿಗ್ಗೆ ಬಳಸುವುದೂ ಬೇಡ, ಬೇಸಿಗೆಯಲ್ಲಿ ಅಷ್ಟರೊಳಗೆ ಹುಳಿ ವಾಸನೆ ಹಿಡಿಯುತ್ತದೆ. ಚೆಲ್ಲುವಾಗ ನೆನಪಿರಲಿ: ಲೆಸಿಥಿನ್ ಕೊಳೆಯುವ ವಸ್ತು, ಆದರೆ 1:2 ಬಣ್ಣದಲ್ಲಿ ಕ್ರೋಮಿಯಂ ಅಥವಾ ಕೋಬಾಲ್ಟ್ ಇರುತ್ತದೆ. ಅದನ್ನು ಹೊಲಕ್ಕಾಗಲಿ ಬಾವಿಯ ಕಡೆಗಾಗಲಿ ಬಿಡದೆ ಬೇರೆ ಡ್ರಮ್ಮಿನಲ್ಲಿ ಹಿಡಿದಿಟ್ಟು ಶುದ್ಧೀಕರಣ ಘಟಕಕ್ಕೇ ಕಳಿಸಿ.